ಬಿಲ್ಲು ಕೆಳಗಿಟ್ಟ ಬೇಡರ ಕಣ್ಣಪ್ಪ

ನಮ್ಮ ಭಾಗದ ಭಕ್ತರು ಶ್ರೀಕಾಳಹಸ್ತಿಯ ಯಾತ್ರೆಗೆ ಹೋಗಿ ಬರುವುದು ಹೊಸದೇನಲ್ಲ. ಹೋದವರು ಸುವರ್ಣಮುಖಿ ನದಿಯಲ್ಲಿ ಕೈಕಾಲು ತೊಳೆದು, ರಾಹು ಕೇತು ಪೂಜೆಗೆ ಚೀಟಿ ಬರೆಸಿ, ವಾಯುಲಿಂಗದ ಸನ್ನಿಧಿಯಲ್ಲಿ ತಾನಾಗಿ ಅಲುಗುವ ದೀಪದ ಕುಡಿಯನ್ನು ಕಂಡು ಕೈಮುಗಿದು, ಪ್ರಸಾದ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ದೇವಸ್ಥಾನಕ್ಕೆ ತಾಗಿಕೊಂಡೇ ಒಂದು ಬೆಟ್ಟವಿದೆ. ಅದರ ಮೇಲೆ ಒಂದು ಚಿಕ್ಕ ಗುಡಿಯಿದೆ. ಅದು ಬೇಡರ ಕಣ್ಣಪ್ಪನ ಗುಡಿ. ಅಲ್ಲಿಗೂ ಹತ್ತಿ ಬಂದಿರಾ ಎಂದು ನಾವು ಕೇಳಿದರೆ ಬಿಸಿಲಿತ್ತು, ಹೊತ್ತಾಗಿತ್ತು, ಗಾಡಿಯವನು ಅವಸರ ಮಾಡಿದ ಎಂಬ ಉತ್ತರವೇ ಹೆಚ್ಚು. ದೇವರನ್ನು ನೋಡಿ, ಆ ದೇವರಿಗೆ ಕಣ್ಣು ಕೊಟ್ಟವನನ್ನು ನೋಡದೆ ಬಂದವರೇ ಬಹಳ ಮಂದಿ. ಆದ್ದರಿಂದ ಈ ವಾರ ಕಣ್ಣಪ್ಪನ ಚರಿತ್ರೆಯನ್ನೇ ಹೇಳೋಣವೆಂದು ಮನಸ್ಸು ಮಾಡಿದ್ದೇವೆ.

ಇನ್ನೊಂದು ಕಾರಣವೂ ಇದೆ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಈ ಕಥೆ ಬಂದರೆ ಸಭೆಯಲ್ಲಿ ಯಾರಾದರೊಬ್ಬ ಹಿರಿಯರು ತಡೆದು ತಡೆದು ಒಂದು ಪ್ರಶ್ನೆ ಕೇಳುವುದುಂಟು. ಬಸವಾದಿ ಶರಣರು ಪ್ರಾಣಿವಧೆಯನ್ನು ಕಟುವಾಗಿ ಖಂಡಿಸಿದವರು. ಕೊರಳಲ್ಲಿ ಲಿಂಗ ಕಟ್ಟಿದ ಮನೆಯಲ್ಲಿ ಮಾಂಸದ ಸೋಂಕಿಲ್ಲ. ಹಾಗಿದ್ದ ಮೇಲೆ ಬೇಟೆಯಾಡಿ ಬದುಕಿದ, ಹಂದಿಯ ಮಾಂಸವನ್ನು ಶಿವನ ಮುಂದಿಟ್ಟ ಒಬ್ಬ ಬೇಡನನ್ನು ನಮ್ಮ ಪುರಾತನರ ಸಾಲಿನಲ್ಲಿ ಹೇಗೆ ಕೂರಿಸಿದರು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಉತ್ತರವನ್ನು ಶಾಸ್ತ್ರದಲ್ಲಿ ಹುಡುಕುವುದಕ್ಕಿಂತ ಆತನ ಬಿಲ್ಲಿನಲ್ಲಿ ಹುಡುಕುವುದು ಮೇಲು ಎಂದು ನಮಗೆ ತೋರುತ್ತದೆ.

ಕಣ್ಣಪ್ಪ ಅರುವತ್ತುಮೂವರು ಪುರಾತನರಲ್ಲಿ ಒಬ್ಬ. ನಾವು ನಂಬಿಯಣ್ಣ ಎಂದು ಕರೆಯುವ ಸುಂದರಮೂರ್ತಿ ನಾಯನಾರರು ಸುಮಾರು 8ನೆಯ ಶತಮಾನದಲ್ಲಿ ಶಿವಭಕ್ತರ ನಾಮಾವಳಿಯನ್ನು ಹಾಡುವಾಗಲೇ ಇವನ ಹೆಸರನ್ನು ಸೇರಿಸಿದರು. ಅಂದರೆ ಆತ ಅವರಿಗಿಂತಲೂ ಹಿಂದಿನವನು. 12ನೆಯ ಶತಮಾನದಲ್ಲಿ ಚೋಳರ ನಾಡಿನ ಸೇಕ್ಕಿಳಾರರು ತಮಿಳಿನ ಪೆರಿಯ ಪುರಾಣದಲ್ಲಿ ಇವನ ಚರಿತ್ರೆಯನ್ನು ವಿಸ್ತಾರವಾಗಿ ಬರೆದರು. ಹಂಪೆಯ ಹರಿಹರ ಕಣ್ಣಪ್ಪನ ರಗಳೆ ಬರೆದ. ಪಾಲ್ಕುರಿಕೆ ಸೋಮನಾಥ ತೆಲುಗಿನ ಬಸವ ಪುರಾಣದಲ್ಲಿ ಹೇಳಿದ್ದು 1369ರಲ್ಲಿ ಭೀಮಕವಿಯ ಕೈಯಿಂದ ಕನ್ನಡಕ್ಕೆ ಬಂತು. ಕವಿಯಿಂದ ಕವಿಗೆ ವಿವರ ಬದಲಾಗುತ್ತದೆ. ನಾವಿಲ್ಲಿ ಹೆಚ್ಚಾಗಿ ಸೇಕ್ಕಿಳಾರರ ದಾರಿಯನ್ನೇ ಹಿಡಿದಿದ್ದೇವೆ. ಇನ್ನು, ಕಣ್ಣಪ್ಪನನ್ನು ಏಕವಚನದಲ್ಲಿ ಕರೆದರೆಂದು ಯಾರೂ ಬೇಸರಪಡಬಾರದು. ಶಿವನನ್ನೇ ಏಕವಚನದಲ್ಲಿ ಕರೆಯುವ ನಾವು ಆ ಸಲಿಗೆಯನ್ನು ಇವನಿಗೂ ಸಲ್ಲಿಸುತ್ತಿದ್ದೇವೆ, ಅಷ್ಟೆ.

ಆಂಧ್ರದ ಕಡಪ ಸೀಮೆಯ ಕಡೆ ಪೊತ್ತಪ್ಪಿ ನಾಡು. ಅಲ್ಲಿನ ಉಡುಪ್ಪೂರು ಎಂಬ ಬೇಡರ ಹಟ್ಟಿಗೆ ನಾಗನೆಂಬವನು ಒಡೆಯ. ಹೆಂಡತಿ ತತ್ತೆ. ಬಹುಕಾಲ ಮಕ್ಕಳಿಲ್ಲದೆ ಮುರುಗದೇವನಿಗೆ ಹರಕೆ ಹೊತ್ತು ಪಡೆದ ಮಗನನ್ನು ತಂದೆ ಎತ್ತಿಕೊಂಡಾಗ ಕೂಸು ಭಾರವಾಗಿತ್ತಂತೆ. ಅದಕ್ಕೆ ತಿಣ್ಣನೆಂದೇ ಹೆಸರಿಟ್ಟರು. ತಿಣ್ಣ ಎಂದರೆ ಭಾರ, ಗಟ್ಟಿ. ಭಾರ ಹೊತ್ತವನು ತಿಣುಕುತ್ತಾನೆ ಎಂದು ನಾವು ಅನ್ನುತ್ತೇವಲ್ಲ, ಆ ಮಾತಿಗೂ ಈ ಹೆಸರಿಗೂ ನಂಟಿದೆ. ಕೊರಳಿಗೆ ಹುಲಿಯುಗುರು ಕಟ್ಟಿ ಬೆಳೆಸಿದ ಮಗುವಿಗೆ ವಯಸ್ಸು ಬಂದಾಗ ಹಟ್ಟಿಯವರೆಲ್ಲ ಸೇರಿ ಹಬ್ಬ ಮಾಡಿ ಕೈಗೆ ಬಿಲ್ಲು ಕೊಡಿಸಿದರು. ನಮ್ಮಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಂತೆಯೇ ಅದು. ಬಲ್ಲ ಗುರುಗಳನ್ನು ಕರೆಸಿ ವಿದ್ಯೆ ಕಲಿಸಿದರು.

ಈ ವಿದ್ಯೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇಂದಿನ ಹುಡುಗರಿಗೆ ಬಿಲ್ಲು ಎಂದರೆ ಜಾತ್ರೆಯ ಆಟಿಕೆ ಅಥವಾ ಟಿ.ವಿ.ಯ ರಾಮಾಯಣ. ನಮ್ಮ ದೇಶದಲ್ಲಿ ಬಿಲ್ಲು ಮುಖ್ಯವಾಗಿ ಎರಡು ಬಗೆ. ಒಂದು ಕೊಂಬಿನ ಬಿಲ್ಲು. ಮರದ ಪಟ್ಟಿಯ ಒಳಮೈಗೆ ಕೊಂಬು, ಹೊರಮೈಗೆ ನರಗಳನ್ನು ಅಂಟಿನಿಂದ ಕೂಡಿಸಿ, ತುದಿಗಳನ್ನು ಹಿಂದಕ್ಕೆ ಬಾಗಿಸಿ ಮಾಡಿದ್ದು. ಗಿಡ್ಡವಾದರೂ ಬಲ ಬಹಳ. ಕುದುರೆಯ ಮೇಲೆ ಕೂತವನಿಗೆ ಅನುಕೂಲ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಎಂಬ ಹೆಸರು ಬಂದದ್ದು ಶೃಂಗದಿಂದ, ಅಂದರೆ ಕೊಂಬಿನಿಂದಲೇ. ಆದರೆ ಮಳೆಗಾಲದ ತೇವಕ್ಕೆ ಅದರ ಅಂಟು ಸಡಿಲವಾಗುತ್ತದೆ. ಕಾಡಿನವರಿಗೆ ಒಗ್ಗಿದ್ದು ಎರಡನೆಯದು, ಬಿದಿರಿನ ನೀಳ ಬಿಲ್ಲು. ಬಿದಿರ ಸೀಳಿನದೇ ಮೈ, ಎಷ್ಟೋ ಕಡೆ ಬಿದಿರ ಸಿಪ್ಪೆಯದೇ ಹೆದೆ. ಕ್ರಿಸ್ತಪೂರ್ವ 326ರಲ್ಲಿ ಅಲೆಗ್ಸಾಂಡರನೊಡನೆ ಬಂದ ಗ್ರೀಕರು ನಮ್ಮ ಬಿಲ್ಲಾಳುಗಳನ್ನು ಕಂಡು ಬೆರಗಾಗಿ ಬರೆದಿಟ್ಟದ್ದುಂಟು. ಬಿಲ್ಲು ಆಳೆತ್ತರ. ಅದರ ಒಂದು ತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ ಹಿಡಿದು, ಹೆದೆಯನ್ನು ಬಹು ಹಿಂದಕ್ಕೆ ಸೆಳೆದು ಬಿಡುತ್ತಿದ್ದರಂತೆ. ಬಾಣವೇ ಸುಮಾರು ಮೂರು ಮೊಳ. ಈ ಎಡಗಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕಥೆಯ ಕೊನೆಗೆ ಬೇಕಾಗುತ್ತದೆ.

ಬಂದೂಕಿನ ಗುಂಡು ತಾಗಿದ ಪ್ರಾಣಿ ಒಮ್ಮೊಮ್ಮೆ ನಿಂತಲ್ಲೇ ಬೀಳುತ್ತದೆ. ಬಾಣ ತಾಗಿದ ಪ್ರಾಣಿ ಸಾಮಾನ್ಯವಾಗಿ ಹಾಗೆ ಬೀಳುವುದಿಲ್ಲ, ಓಡುತ್ತದೆ. ಎಲೆಯ ಮೇಲೆ, ಕಲ್ಲಿನ ಮೇಲೆ, ಹುಲ್ಲಿನ ತುದಿಯಲ್ಲಿ ಬಿದ್ದ ರಕ್ತದ ಹನಿಗಳನ್ನು ನೋಡುತ್ತ ಬೇಟೆಗಾರ ಹಿಂದೆಯೇ ನಡೆಯಬೇಕು. ರಕ್ತ ಕಪ್ಪಗಿದೆಯೇ, ನೊರೆಯಿದೆಯೇ, ಹನಿ ಎಷ್ಟು ದೂರಕ್ಕೊಂದು ಬಿದ್ದಿದೆ ಎಂಬುದರಿಂದಲೇ ಗಾಯ ಎಲ್ಲಿ ಆಗಿದೆ, ಜೀವ ಎಷ್ಟು ಉಳಿದಿದೆ ಎಂದು ಅಳೆಯಬೇಕು. ತೋಳಿನ ಬಲ ಬಿಲ್ಲು ಬಾಗಿಸುವುದಕ್ಕೆ ಮಾತ್ರ. ಉಳಿದ ಬೇಟೆಯೆಲ್ಲ ಕಣ್ಣಿನದು. ಒಕ್ಕಲಿಗನಿಗೆ ಹೊಲ ಹೇಗೋ ಬೇಡನಿಗೆ ಕಣ್ಣು ಹಾಗೆ.

ತಿಣ್ಣನಿಗೆ ಹದಿನಾರು ತುಂಬಿದಾಗ ಮುಪ್ಪಾದ ನಾಗ ಹಟ್ಟಿಯ ಒಡೆತನವನ್ನು ಮಗನಿಗೆ ಬಿಟ್ಟುಕೊಟ್ಟ. ಕಾಡುದೇವತೆಗಳನ್ನು ಪೂಜಿಸುವ ಮುದುಕಿ ಬಂದು ಹಣೆಗೆ ಅಕ್ಷತೆಯಿಟ್ಟು ಹರಸಿದಳು. ಮೊದಲ ಬೇಟೆಗೆ ಹೊರಟರು. ಈ ಬೇಟೆಯನ್ನು ವರ್ಣಿಸುವಾಗ ಸೇಕ್ಕಿಳಾರರು ಒಂದು ಮಾತನ್ನು ಮರೆಯದೆ ಹೇಳುತ್ತಾರೆ. ಆ ಬೇಡರು ಆನೆಯ ಮರಿಗಳನ್ನು ಬೆನ್ನಟ್ಟಲಿಲ್ಲ, ಚಿಕ್ಕ ಮರಿಗಳನ್ನು ಕೊಲ್ಲಲಿಲ್ಲ, ಹೊಟ್ಟೆಯಲ್ಲಿದ್ದು ಕಾಲು ಸೋತ ಜಿಂಕೆಗಳನ್ನು ಕಾಡಲಿಲ್ಲ. ಕೊಲ್ಲುವ ಕಸುಬಿನಲ್ಲಿಯೂ ಒಂದು ಎಲ್ಲೆಯಿತ್ತು. 1972ರ ಕಾಯಿದೆಯಿಂದ ಕಾಡುಪ್ರಾಣಿಗಳ ಬೇಟೆ ನಿಂತಿರಬೇಕಾದದ್ದು ಸರಿಯೇ. ಆದರೆ ರಾತ್ರಿ ಜೀಪಿನಲ್ಲಿ ದೀಪ ಬಿಟ್ಟು ಬಸುರಿ ಜಿಂಕೆಯನ್ನೂ ಬಿಡದ ಕಳ್ಳಬೇಟೆಗಾರರನ್ನು ನೆನೆದಾಗ, ಆ ಹಟ್ಟಿಯವರಿಗೆ ನಾವು ಯಾವ ಬಾಯಿಂದ ಹಿಂಸೆಯ ಪಾಠ ಹೇಳುವುದು ಎನಿಸುತ್ತದೆ.

ಬೇಡನಿಗೆ ಬಿಲ್ಲು ಹೊಟ್ಟೆಯ ದಾರಿ ಮಾತ್ರವಲ್ಲ, ಮಾನವೂ ಹೌದು. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದು ಬ್ರಿಟಿಷರು ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಊರಿಗೆ ಊರೇ ಬೆಂಕಿಗೆ ಬಿದ್ದರೂ ಒಪ್ಪಿಸಲಿಲ್ಲ. ಆ ಲಾವಣಿಯನ್ನು ಕೇಳಿ ಬೆಳೆದ ಹಿರಿಯರು ನಮ್ಮಲ್ಲಿ ಇದ್ದಾರೆ. ಆಯುಧ ಕೆಳಗಿಡುವುದು ಬೇಡನಿಗೆ ಎಂಥ ಮಾತು ಎಂಬುದು ಅವರಿಗೆ ಗೊತ್ತು.

ಆ ಮೊದಲ ಬೇಟೆಯಲ್ಲಿ ಒಂದು ಕಾಡುಹಂದಿ ಬಲೆ ಹರಿದು ಓಡಿತು. ನಾಣ, ಕಾಡ ಎಂಬ ಇಬ್ಬರು ಗೆಳೆಯರು ಮಾತ್ರ ತಿಣ್ಣನ ಬೆನ್ನಿಗೆ ಬಂದರು. ಬಹುದೂರ ಓಡಿ ದಣಿದು ನಿಂತ ಹಂದಿಯನ್ನು ತಿಣ್ಣ ಸೊಂಟದ ಕತ್ತಿಯಿಂದಲೇ ಕೆಡವಿದ. ಹಂದಿ ಎಂದೊಡನೆ ನಮಗೆ ಇಂದ್ರಕೀಲದ ನೆನಪಾಗುತ್ತದೆ. ಅಲ್ಲಿ ಅರ್ಜುನನೂ ಬೇಡನ ವೇಷದ ಶಿವನೂ ಒಂದೇ ಹಂದಿಗೆ ಬಾಣ ಬಿಟ್ಟು ಜಗಳವಾಡಿದರು. ಅದೇ ಅರ್ಜುನ ಕಣ್ಣಪ್ಪನಾಗಿ ಹುಟ್ಟಿ ಬಂದನೆಂದು ಕಾಳಹಸ್ತಿಯ ಕಡೆ ನಂಬಿಕೆಯಿದೆ. ಅಂದು ಶಿವನ ಮೈಗೆ ಬಾಣ ಬಿಟ್ಟವನು ಮುಂದೆ ಅದೇ ಬಾಣವನ್ನು ತನ್ನ ಕಡೆಗೆ ತಿರುಗಿಸಿದ ಎಂಬ ಅರ್ಥ ಅದರಲ್ಲಿ ಅಡಗಿರಬಹುದು.

ನೀರು ಹುಡುಕುತ್ತ ಸುವರ್ಣಮುಖಿಯ ದಡಕ್ಕೆ ಬಂದಾಗ ಎದುರಿಗೆ ಬೆಟ್ಟ ಕಂಡಿತು. ಕಾಡ ಬೆಂಕಿ ಹೊತ್ತಿಸಲು ಕೆಳಗೇ ಉಳಿದ. ತಿಣ್ಣ ನಾಣನೊಡನೆ ಬೆಟ್ಟ ಹತ್ತಿದ. ಹೆಜ್ಜೆ ಹೆಜ್ಜೆಗೂ ಮೈಮೇಲಿನ ಯಾವುದೋ ಹೊರೆ ಇಳಿಯುತ್ತಿದೆ ಎನಿಸಿತಂತೆ ಅವನಿಗೆ. ಮೇಲೆ ಲಿಂಗವನ್ನು ಕಂಡದ್ದೇ ತಡ, ಓಡಿಹೋಗಿ ತಬ್ಬಿಕೊಂಡ. ಮಂತ್ರವಿಲ್ಲ, ದೀಕ್ಷೆಯಿಲ್ಲ, ಯಾರೂ ಹೇಳಿಕೊಟ್ಟದ್ದಿಲ್ಲ. ತಾಯಿಯನ್ನು ಕಂಡ ಕರುವಿನ ಹಾಗೆ. ಹುಲಿ ಕರಡಿ ತಿರುಗುವ ಕಾಡಿನಲ್ಲಿ ಈತ ಒಬ್ಬನೇ ಇದ್ದಾನಲ್ಲ, ಊಟಕ್ಕೆ ಯಾರು ಕೊಡುತ್ತಾರೆ ಎಂಬುದೊಂದೇ ಚಿಂತೆ ಅವನಿಗೆ. ಒಬ್ಬ ಬ್ರಾಹ್ಮಣ ಬಂದು ನೀರೆರೆದು ಎಲೆ ಹೂವು ಹಾಕಿದ್ದನ್ನು ತಾನು ಹಿಂದೊಮ್ಮೆ ಕಂಡಿದ್ದೆನೆಂದು ನಾಣ ಹೇಳಿದ. ಓಹೋ, ಈತನಿಗೆ ಅದು ಇಷ್ಟವೆಂದು ತಿಣ್ಣ ತಿಳಿದುಕೊಂಡ.

ಕೆಳಗಿಳಿದು ಮಾಂಸವನ್ನು ಕೆಂಡದಲ್ಲಿ ಸುಟ್ಟ. ಒಂದೊಂದು ತುಂಡನ್ನೂ ಬಾಯಿಗೆ ಹಾಕಿ ನೋಡಿ, ಮೆತ್ತಗಿದ್ದುದನ್ನು ಎಲೆಯ ದೊನ್ನೆಗೆ, ಗಡುಸಾದುದನ್ನು ಅತ್ತ ಎಸೆದ. ಒಂದು ಕೈಯಲ್ಲಿ ದೊನ್ನೆ, ಇನ್ನೊಂದು ಕೈಯಲ್ಲಿ ಬಿಲ್ಲು. ನೀರು ತರಲು ಕೈ ಉಳಿಯಲಿಲ್ಲ, ಬಾಯಲ್ಲೇ ತುಂಬಿಕೊಂಡ. ಹೂವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡ. ಲಿಂಗದ ಮೇಲಿನ ಹಳೆಯ ಹೂವನ್ನು ಮೆಟ್ಟು ತೊಟ್ಟ ಕಾಲಿನಿಂದಲೇ ಸರಿಸಿ, ಬಾಯ ನೀರನ್ನು ಎರೆದು, ತಲೆಯ ಹೂ ಉದುರಿಸಿ, ದೊನ್ನೆಯನ್ನು ಮುಂದಿಟ್ಟು ಉಣ್ಣೆಂದು ಬೇಡಿಕೊಂಡ. ನಮ್ಮ ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲದ ಭಕ್ತಿಗೆ ಅವಧಾನ ಭಕ್ತಿ ಎಂದು ಹೆಸರು. ಅರ್ಪಿಸುವ ಪ್ರತಿಯೊಂದು ತುತ್ತಿನಲ್ಲಿಯೂ ಮನಸ್ಸು ಎಚ್ಚರವಾಗಿರಬೇಕು ಎಂಬುದು ಅದರ ಭಾವ. ಗುರಿಯಿಡುವಾಗಿನ ಎಚ್ಚರವನ್ನೇ ತುಂಡು ಆರಿಸುವಾಗಲೂ ಇಟ್ಟುಕೊಂಡ ಈ ಬೇಡನಿಗೆ ಆ ಸ್ಥಲದ ಹೆಸರು ಗೊತ್ತಿರಲಿಲ್ಲ.

ಕತ್ತಲಾಯಿತು. ತಿಣ್ಣ ಮನೆಗೆ ಹೋಗಲಿಲ್ಲ. ಹೆದೆಯೇರಿಸಿ, ಬಾಣ ಹೂಡಿ, ಬೆಳಗಿನವರೆಗೂ ಕಣ್ಣು ಮುಚ್ಚದೆ ಲಿಂಗದ ಕಾವಲಿಗೆ ನಿಂತ. ಲೋಕವನ್ನು ಕಾಯುವ ಶಿವನನ್ನು ತಾನು ಕಾಯುತ್ತೇನೆಂಬ ಈ ಮುಗ್ಧತೆ ನಮಗೆ ಕಣ್ಣು ಕೊಟ್ಟದ್ದಕ್ಕಿಂತಲೂ ಹೆಚ್ಚು ಕಾಡುತ್ತದೆ. ಗೆಳೆಯರು ಇವನಿಗೆ ಹುಚ್ಚು ಹಿಡಿಯಿತೆಂದು ಹಟ್ಟಿಗೆ ಸುದ್ದಿ ಒಯ್ದರು. ಮುದುಕ ತಂದೆ ಬಂದು ಕರೆದ, ಮಂತ್ರಗಾತಿ ಮುದುಕಿ ಬಂದು ಕರೆದಳು. ಅವನು ಅಲುಗಲಿಲ್ಲ. ಬಂದವರು ಬರಿಗೈಯಲ್ಲಿ ಹಿಂತಿರುಗಿದರು.

ಬೆಳಗಾಗುತ್ತಲೇ ಅವನು ಬೇಟೆಗೆ ಹೋದರೆ ಇತ್ತ ಪೂಜಾರಿಗಳಾದ ಶಿವಗೋಚಾರ್ಯರು ಬರುವರು. ಸನ್ನಿಧಿಯಲ್ಲಿ ಎಲುಬು ಮಾಂಸ ಕಂಡು ಅವರಿಗಾದ ಸಂಕಟವನ್ನು ಕೆಲವರು ನಗೆಯಾಡಿ ಹೇಳುತ್ತಾರೆ. ನಮಗೆ ಅದು ಸರಿ ತೋರುವುದಿಲ್ಲ. ಅವರೂ ನಿಜವಾದ ಭಕ್ತರೇ. ಅಳುತ್ತ ಎಲ್ಲವನ್ನೂ ಗುಡಿಸಿ, ಮಿಂದು ಬಂದು, ಮತ್ತೆ ಅಭಿಷೇಕ ಮಾಡಿ ಹೋಗುವರು. ಅವರು ಹೋದ ಮೇಲೆ ಇವನು ಬಂದು ಅವರ ಹೂವನ್ನು ಸರಿಸುವನು. ಹೀಗೆ ಐದು ದಿನ ನಡೆಯಿತು. ತಡೆಯಲಾರದೆ ಶಿವನಲ್ಲಿ ಮೊರೆಯಿಟ್ಟಾಗ ಶಿವನು ಕನಸಿನಲ್ಲಿ ಬಂದು, ಆ ಬೇಡನ ಬಾಯ ನೀರು ತನಗೆ ಗಂಗೆಗಿಂತ ಮೇಲೆಂದೂ, ಮರುದಿನ ಮರೆಯಲ್ಲಿ ನಿಂತು ನೋಡಬೇಕೆಂದೂ ತಿಳಿಸಿದನು. ಶಿವನು ಬೇಡನ ಭಕ್ತಿಯನ್ನು ತೋರಿಸಬೇಕೆಂದು ಆರಿಸಿಕೊಂಡದ್ದು ಈ ಪೂಜಾರಿಗಳನ್ನೇ ಎಂಬುದನ್ನು ಗಮನಿಸಬೇಕು.

ಆರನೆಯ ದಿನ ತಿಣ್ಣ ಬರುವಾಗ ಶಕುನಗಳು ಕೆಟ್ಟವು. ಓಡಿ ಬಂದು ನೋಡಿದರೆ ಲಿಂಗದ ಬಲಗಣ್ಣಿನಿಂದ ರಕ್ತ ಸುರಿಯುತ್ತಿದೆ. ಕೈಯ ಮಾಂಸ, ತಲೆಯ ಹೂ, ಬಾಯ ನೀರು ಎಲ್ಲವೂ ಚೆಲ್ಲಿಹೋದವು. ಒರೆಸಿದ, ನಿಲ್ಲಲಿಲ್ಲ. ರಕ್ತ ಕಂಡ ಬೇಡ ಏನು ಮಾಡುತ್ತಾನೆ? ಹೊಡೆದವನನ್ನು ಹುಡುಕುತ್ತಾನೆ. ತಿಣ್ಣ ಬಿಲ್ಲೆತ್ತಿಕೊಂಡು, ಬಾಣ ಆರಿಸಿಕೊಂಡು ಬೆಟ್ಟವನ್ನೆಲ್ಲ ಸುತ್ತಿದ. ಪ್ರಾಣಿಯ ಜಾಡಿಲ್ಲ, ಬೇರೆ ಬೇಡರ ಹೆಜ್ಜೆಯಿಲ್ಲ. ಹನಿ ಹನಿ ರಕ್ತದಿಂದ ಕಾಡನ್ನೆಲ್ಲ ಓದಬಲ್ಲ ಆ ಕಣ್ಣಿಗೆ ಈ ರಕ್ತ ಎಲ್ಲಿಂದ ಬಂತೆಂದು ಓದಲು ಆಗಲಿಲ್ಲ. ಬಿಲ್ಲನ್ನೂ ಬಾಣಗಳನ್ನೂ ಎಸೆದು ಲಿಂಗವನ್ನು ತಬ್ಬಿ ಅತ್ತ.

ಕಥೆಯ ಕೀಲು ಇಲ್ಲಿದೆ. ಅಲ್ಲಿಯವರೆಗೆ ಅವನಿಗೆ ಗೊತ್ತಿದ್ದುದು ರಕ್ತ ಹರಿಸುವ ವಿದ್ಯೆ. ಈಗ ಮೊದಲ ಬಾರಿಗೆ ರಕ್ತ ನಿಲ್ಲಿಸಬೇಕಾಗಿ ಬಂತು. ಅದಕ್ಕೆ ಬಿಲ್ಲು ಬಾರದು. ಕಾಡಿನ ಸೊಪ್ಪು ತಂದು ಹಿಂಡಿದ, ಪ್ರಯೋಜನವಾಗಲಿಲ್ಲ. ಮಾಂಸದ ಗಾಯಕ್ಕೆ ಮಾಂಸವೇ ಮದ್ದೆಂದು ಹಟ್ಟಿಯ ಹಿರಿಯರು ಹೇಳುತ್ತಿದ್ದುದು ನೆನಪಾಯಿತು. ಎಸೆದ ಬಾಣಗಳಲ್ಲಿ ಒಂದನ್ನು ಎತ್ತಿಕೊಂಡ. ಈ ಸಲ ಬಿಲ್ಲು ಬೇಕಾಗಲಿಲ್ಲ. ಬಾಣದ ಅಲಗಿನಿಂದ ತನ್ನ ಕಣ್ಣನ್ನು ಕಿತ್ತು ಲಿಂಗಕ್ಕೆ ಇಟ್ಟ. ರಕ್ತ ನಿಂತಿತು. ಸಂತೋಷ ತಡೆಯಲಾರದೆ ಕುಣಿದ.

ಅಷ್ಟರಲ್ಲಿ ಎಡಗಣ್ಣಿನಲ್ಲಿಯೂ ರಕ್ತ ಕಾಣಿಸಿತು. ಈಗ ಅವನಿಗೆ ಭಯವಿಲ್ಲ, ಮದ್ದು ಗೊತ್ತಾಗಿದೆ. ಆದರೆ ಇನ್ನೊಂದು ಕಣ್ಣನ್ನೂ ಕಿತ್ತರೆ ಇಡುವ ಜಾಗ ಕಾಣುವುದು ಹೇಗೆ? ಗುರುತಿಗೆಂದು ಲಿಂಗದ ಎಡಗಣ್ಣಿನ ಮೇಲೆ ತನ್ನ ಎಡಗಾಲನ್ನು ಊರಿದ. ಬಿಲ್ಲನ್ನು ಒತ್ತಿ ಹಿಡಿಯುವ ಬಿಲ್ಲಾಳಿನ ಎಡಗಾಲು ಅದು. ಗುರಿ ತಪ್ಪಬಾರದೆಂದು ಅವನು ಆಗಲೂ ಬಿಲ್ಲುಗಾರನಂತೆಯೇ ನಿಂತ ಎಂದು ನಮಗನ್ನಿಸುತ್ತದೆ. ಒಂದು ಕಣ್ಣು ಕೊಟ್ಟ ಬೇಡ ಹೇಗೋ ಬೇಟೆಯಾಡಿ ಬದುಕಿಯಾನು. ಎರಡನ್ನೂ ಕೊಟ್ಟರೆ ಬಿಲ್ಲಿಲ್ಲ, ಬೇಟೆಯಿಲ್ಲ, ಬೆಟ್ಟ ಇಳಿಯುವ ದಾರಿಯೂ ಇಲ್ಲ. ಇದಾವ ಲೆಕ್ಕವೂ ಅವನ ಮನಸ್ಸಿಗೆ ಬರಲಿಲ್ಲ. ಬಾಣವನ್ನು ಕಣ್ಣಿಗೆ ಒಡ್ಡಿದಾಗ ಲಿಂಗದಿಂದಲೇ ಒಂದು ಕೈ ಹೊರಬಂದು ಅವನ ಕೈ ಹಿಡಿಯಿತು. ನಿಲ್ಲು ಕಣ್ಣಪ್ಪ ಎಂದು ಮೂರು ಸಲ ಕೂಗಿದ ಶಿವನು ಅವನನ್ನು ತನ್ನ ಬಲಗಡೆಗೆ ನಿಲ್ಲಿಸಿಕೊಂಡನು. ತಿಣ್ಣನಿಗೆ ಆ ಹೊಸ ಹೆಸರಿಟ್ಟವನು ಶಿವನೇ. ಮರೆಯಲ್ಲಿದ್ದ ಶಿವಗೋಚಾರ್ಯರು ಎಲ್ಲವನ್ನೂ ಕಂಡರು.

ವಿಜಯನಗರದ ಕಾಲದ ಗುಡಿಗಳ ಕಂಬಗಳಲ್ಲಿ ಒಂದು ಕಾಲೆತ್ತಿ ಲಿಂಗಕ್ಕೆ ಊರಿ ಕಣ್ಣಿಗೆ ಬಾಣ ಹಿಡಿದ ಈ ಬೇಡನ ಕೆತ್ತನೆಯನ್ನು ಇಂದಿಗೂ ನೋಡಬಹುದು. ನಮ್ಮ ಹಳ್ಳಿಗಳಿಗೆ ಮಾತ್ರ ಅವನು ಹೆಚ್ಚಾಗಿ ಬಂದದ್ದು ನಾಟಕದಿಂದ, ಮತ್ತೆ 1954ರ ಬೇಡರ ಕಣ್ಣಪ್ಪ ಚಿತ್ರದಿಂದ. ರಾಜಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ ಅದು. 1988ರ ಶಿವ ಮೆಚ್ಚಿದ ಕಣ್ಣಪ್ಪದಲ್ಲಿ ಅವರ ಹಿರಿಯ ಮಗ ಶಿವರಾಜಕುಮಾರ್ ಕಣ್ಣಪ್ಪನಾದರೆ ಕಿರಿಯ ಮಗ ಪುನೀತ್ ಬಾಲಕ ಕಣ್ಣಪ್ಪನಾದರು. 2006ರಲ್ಲಿ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅಕಾಲದಲ್ಲಿ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಬಣ್ಣ ಹಚ್ಚಿ ಆಡಿದ ಪಾತ್ರ ಹಾಗೆ ಅವರನ್ನು ಬಿಡದೆ ಹಿಂಬಾಲಿಸಿತು. ಸತ್ತ ಮೇಲೆ ದೇಹವನ್ನು ಕುಂದಿಲ್ಲದೆ ಸಮಾಧಿ ಮಾಡಬೇಕು, ಕಣ್ಣು ತೆಗೆದರೆ ದೋಷವೆಂದು ಅಂಜುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಕಣ್ಣಪ್ಪನ ಕಥೆ ಕೇಳಿ ಕಣ್ಣೀರಿಡುವವರೂ ಹೌದು.

ಇನ್ನು ಹಿರಿಯರ ಆ ಪ್ರಶ್ನೆ. ಮಾಂಸವನ್ನು ಶಿವ ಒಪ್ಪಿದನೋ ಇಲ್ಲವೋ ಎಂದು ವಾದ ಮಾಡುವವರನ್ನು ನಾವು ಬಹಳ ಕಂಡಿದ್ದೇವೆ. ತಮ್ಮ ನಾಲಗೆಯ ಚಪಲಕ್ಕೆ ಕಣ್ಣಪ್ಪನ ಹೆಸರು ಹೇಳುವವರೂ ಉಂಟು. ಅವರು ಕಣ್ಣಪ್ಪನ ದೊನ್ನೆಯನ್ನು ನೆನೆಯುತ್ತಾರೆ, ಬಾಣವನ್ನು ನೆನೆಯುವುದಿಲ್ಲ. ಮೊದಲ ಐದು ದಿನ ಅವನು ಕೊಟ್ಟದ್ದು ಬೇರೆ ಜೀವದ ಮಾಂಸ. ಆರನೆಯ ದಿನ ಕೊಟ್ಟದ್ದು ತನ್ನದು. ಶಿವನು ಎದ್ದು ಬಂದು ಕೈ ಹಿಡಿದದ್ದು ಆರನೆಯ ದಿನ. ವಚನಕಾರರು ಕಣ್ಣಪ್ಪನನ್ನು ಮತ್ತೆ ಮತ್ತೆ ನೆನೆದದ್ದು ಆ ದಿನಕ್ಕಾಗಿ ಎಂಬುದು ನಮ್ಮ ತಿಳಿವಳಿಕೆ. ಬೇಡರ ಹಟ್ಟಿಯಲ್ಲಿ ಹುಟ್ಟಿದವನೆಂದು ಅವನ ಕುಲ ಕೇಳುವ ಧೈರ್ಯ ಅವರಲ್ಲಿ ಒಬ್ಬರಿಗೂ ಬರಲಿಲ್ಲ.

ಈ ಶಿವರಾತ್ರಿಗೆ ಕಾಳಹಸ್ತಿಗೆ ಹೊರಟವರು ಗಾಡಿಯವನಿಗೆ ಮೊದಲೇ ಹೇಳಿಟ್ಟು ಬೆಟ್ಟದ ಮೆಟ್ಟಿಲು ಹತ್ತಿ ಬರಬೇಕು. ಹತ್ತಲಾಗದ ಹಿರಿಯರು ಕೆಳಗೆ ನಿಂತಾದರೂ ಮೇಲೆ ನೋಡಿ ಕೈಮುಗಿಯಲಿ. ಅಲ್ಲಿನ ಬ್ರಹ್ಮೋತ್ಸವದಲ್ಲಿ ಮೊದಲ ಧ್ವಜ ಏರುವುದು ಕಣ್ಣಪ್ಪನ ಆ ಬೆಟ್ಟದ ಮೇಲೆ. ಕಾಳಹಸ್ತೀಶ್ವರನ ಧ್ವಜ ಏರುವುದು ಅದಾದ ಮೇಲೆ.